ಎರಡು ಪ್ಲೇಟ್ ಕೊಡ್ತೀರಾ?

ನಮ್ಮೂರು ಕಳಲೆ. ನಂಜನಗೂಡಿಗೆ ಹತ್ತಿರ. ಬೆಂಗಳೂರಿನ ಆಫೀಸಿನಲ್ಲಿ ಊರಿನ ಹೆಸರು ಹೇಳಿದಾಗೆಲ್ಲ ಮಲೆನಾಡಿನವರು ಯಾರಾದ್ರೂ ಪಕ್ಕದಲ್ಲಿದ್ರೆ ಬಾಯಿ ಚಪ್ಪರಿಸ್ತಾರೆ. ಅವರಿಗೆ ಕಳಲೆ ಅಂದ್ರೆ ಎಳೆ ಬಿದಿರಿನ ಪಲ್ಯ. ಇತಿಹಾಸ ಓದಿಕೊಂಡವರು ಮಾತ್ರ ಮೈಸೂರು ಅರಸರನ್ನು ಹೆಸರಿಗೆ ಕೂರಿಸಿ ತಾವೇ ರಾಜ್ಯ ಆಳಿದ ಕಳಲೆಯ ದಳವಾಯಿಗಳನ್ನ ನೆನೀತಾರೆ. ನಾನು ಮೊದಲ ಸಲ ಕಳಲೆ ತಿಂದಿದ್ದು ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ತೀರ್ಥಹಳ್ಳಿ ಕಡೆಯ ಗೆಳೆಯನ ಮನೇಲಿ. ದಿನಾ ನೀರು ಬದಲಿಸ್ತಾ ನೆನೆಸಿಟ್ಟು ಕಹಿ ತೆಗೆದು ಮಾಡಿದ್ರು. ತಟ್ಟೆ ಹತ್ರ ಬಂದಾಗ ಬಂದ ವಾಸನೆಗೆ ಮೂಗು ಮುಚ್ಚಿಕೊಳ್ಳೋದೊಂದು ಬಾಕಿ. ನಮ್ಮನೇಲಿ ದೋಸೆ ಹಿಟ್ಟು ಹುಳಿ ಬಂದ್ರೆ "ಘಮ ಅಂತಿದೆ" ಅಂತಿದ್ದ ನಾನೇ, ಬೇರೆಯವರ ಮನೆಯ ಹುಳಿಗೆ ಮುಖ ಕಿವುಚಿದ್ದೆ. ಹೊಸ ಊಟ ಮಾಡೋ ವಿಷಯದಲ್ಲಿ ನಾನು ಎಂಥವನು ಅಂತ ನಿಮಗೆ ಮೊದಲೇ ಗೊತ್ತಿರಲಿ ಅಂತ ಇಷ್ಟು ಹೇಳಿದೆ.

ಹೋದ ತಿಂಗಳು ಕಮ್ಮನಹಳ್ಳಿ ಕಡೆಯ ಒಂದು ಸಣ್ಣ ಇಥಿಯೋಪಿಯನ್ ಹೋಟೆಲಿಗೆ ಹೋಗಿದ್ದೆ. ಜೊತೆಗೆ ಬಂದವನು ನಮ್ಮೂರಿನವನೇ. ಒಂದೇ ಸ್ಕೂಲು, ಒಂದೇ ಕ್ಲಾಸು. ಈಗ ಇಬ್ಬರೂ ಸಾಫ್ಟ್‌ವೇರು. ಅವನ ಸಂಬಳ ನನಗಿಂತ ಜಾಸ್ತಿ. ಊರಲ್ಲಿ ನಮ್ಮ ಮನೆ ದೇವಸ್ಥಾನದ ಕಡೆ ಬೀದಿಯಲ್ಲಿ, ಅವನ ಮನೆ ಕಾಲೋನಿಯಲ್ಲಿ. ಕಾಲೋನಿ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೈ ತೊಳೆಸಿದ್ರು. ಹೂಜಿಯಿಂದ ನೀರು ಬಗ್ಗಿಸಿ, ಕೆಳಗೆ ಬೋಗುಣಿ ಹಿಡಿದು, ಅಜ್ಜಿ ಕಾಲದಲ್ಲಿ ನೆಂಟರಿಗೆ ಮಾಡ್ತಿದ್ರಲ್ಲ, ಹಾಗೆ. ಆಮೇಲೆ ಬಂತು ನೋಡಿ, ಮೊರದಷ್ಟು ಅಗಲದ ಒಂದು ತಟ್ಟೆ. ಅದರ ತುಂಬ ಹಾಸಿದ ಬೂದುಕಂದು ಬಣ್ಣದ ಇಂಜೆರಾ. ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಕೆಂಪು, ಹಳದಿ, ಹಸಿರು ಪದಾರ್ಥಗಳು. ಸ್ಪೂನಿಲ್ಲ. ಬೇರೆ ತಟ್ಟೆ ಇಲ್ಲ. ಇಬ್ಬರಿಗೂ ಅದೊಂದೇ.

ನಾನು ಯೋಚನೆ ಮಾಡೋಕೆ ಮುಂಚೆನೇ ಬಾಯಿ ಮಾತಾಡಿಬಿಡ್ತು: "ಎರಡು ಪ್ಲೇಟ್ ಕೊಡ್ತೀರಾ?"

ಬಡಿಸ್ತಿದ್ದ ಇಥಿಯೋಪಿಯಾದ ಹೆಂಗಸು ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, ತಂದಿಟ್ಟರು. ಗೆಳೆಯ ಏನೂ ಹೇಳಲಿಲ್ಲ. "ಹೈಜೀನ್ ಕಣೋ," ಅಂದೆ ನಾನು. ಅವನು ಅದಕ್ಕೂ ಏನೂ ಹೇಳಲಿಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಊಟ ಹೇಗಿತ್ತು ಅಂತ ಹೇಳಿಬಿಡ್ತೀನಿ, ನೀವು ಓದ್ತಿರೋದು ಅದಕ್ಕೇ ತಾನೆ.

ವಿಡಿಯೋ ಮಾಡೋರೆಲ್ಲ ಇಂಜೆರಾವನ್ನ "ಇಥಿಯೋಪಿಯನ್ ದೋಸೆ" ಅಂತಾರೆ. ನೋಡೋಕೆ ಹೌದು. ತಿಂದ ಮೇಲೆ ಆ ಹೋಲಿಕೆ ನಿಲ್ಲಲ್ಲ. ನಮ್ಮ ದೋಸೆಗೆ ಅಕ್ಕಿ, ಉದ್ದು, ಒಂದು ರಾತ್ರಿಯ ಹುದುಗು. ಇಂಜೆರಾಗೆ ತೆಫ್ ಅನ್ನೋ ಧಾನ್ಯ, ಗಸಗಸೆಯಂತೆ ಪುಟಾಣಿ ಕಾಳು. ಅದರ ಹಿಟ್ಟನ್ನ ಹಳೇ ಹಿಟ್ಟಿನ ತಿಳಿನೀರು ಬೆರೆಸಿ ಎರಡು ಮೂರು ದಿನ ಹುಳಿ ಬರಿಸ್ತಾರೆ. ಮಿತಾದ್ ಅನ್ನೋ ಅಗಲವಾದ ಹಂಚಿನ ಮೇಲೆ ಹುಯ್ದು, ಮುಚ್ಚಿ, ಒಂದೇ ಕಡೆ ಬೇಯಿಸ್ತಾರೆ. ತಿರುವಿ ಹಾಕೋದಿಲ್ಲ, ಹಾಗಾಗಿ ಗರಿಗರಿ ಅನ್ನೋ ಮಾತೇ ಇಲ್ಲ. ಮೇಲೆಲ್ಲ ಸಣ್ಣ ಸಣ್ಣ ತೂತು. ಆ ತೂತಿಗೆ ಅವರು ಕಣ್ಣು ಅಂತಾರೆ. ಕಣ್ಣು ಜಾಸ್ತಿ ಇದ್ದಷ್ಟೂ ಇಂಜೆರಾ ಚೆನ್ನ. ದೋಸೆ ಒಂದು ತಿಂಡಿ. ಇಂಜೆರಾ ಊಟ, ಅದನ್ನ ಬಡಿಸೋ ತಟ್ಟೆ, ಎತ್ತಿಕೊಳ್ಳೋ ಚಮಚ, ಮೂರೂ ಹೌದು. ಕೊನೆಗೆ ಉಳಿಯೋ, ಸಾರೆಲ್ಲ ಹೀರಿಕೊಂಡ ತಳದ ಇಂಜೆರಾನೇ ಈ ಊಟದ ಅತ್ಯಂತ ರುಚಿಯಾದ ಭಾಗ. ನಾನು ನನ್ನ ಪಾಲಿನದನ್ನ ಬೇರೆ ಪ್ಲೇಟಿಗೆ ಎತ್ತಿಕೊಂಡಿದ್ದೆನಲ್ಲ, ಅದು ನನಗೆ ಸಿಗಬಾರದಾಗಿತ್ತು.

ನಾವು ಹೇಳಿದ್ದು ಎರಡು: ಬೆಯಾಯ್ನೆಟು ಮತ್ತು ದೋರೊ ವತ್. ಬೆಯಾಯ್ನೆಟು ಅಂದ್ರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ. ಪೂರ್ತಿ ಸಸ್ಯಾಹಾರ, ಹಾಲು ತುಪ್ಪ ಕೂಡ ಇಲ್ಲ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಸೇರಿ ವರ್ಷಕ್ಕೆ 180ಕ್ಕೂ ಹೆಚ್ಚು ದಿನ ಮಾಂಸ, ಮೊಟ್ಟೆ, ಹಾಲು ಬಿಡ್ತಾರೆ. ಅಷ್ಟು ವ್ರತದ ದಿನಗಳಿದ್ರೆ ಸೊಪ್ಪು ಬೇಳೆಯ ಅಡುಗೆ ಪಳಗದೆ ಇರುತ್ತಾ? ಇದರಲ್ಲಿ ನನ್ನ ಮೊದಲ ಓಟು ಶಿರೊಗೆ. ಹುರಿದ ಕಡಲೆಹಿಟ್ಟನ್ನ ಈರುಳ್ಳಿ, ಬೆಳ್ಳುಳ್ಳಿ, ಖಾರದ ಜೊತೆ ಕುದಿಸಿ ಗಟ್ಟಿ ಮಾಡಿದ್ದು. ಬೆಣ್ಣೆ ಹಾಗೆ ಜಾರುತ್ತೆ. ಕೆಂಪು ಬೇಳೆಯ ಮಿಸಿರ್ ವತ್ ಚೆನ್ನಾಗಿತ್ತು. ಸೊಪ್ಪಿನ ಗೊಮೆನ್ ಸಪ್ಪೆ. ನಮ್ಮ ಬಸ್ಸಾರಿನ ಪಲ್ಯ ತಿಂದ ನಾಲಿಗೆಗೆ ಉಪ್ಪು ಸಾಲದು.

ದೋರೊ ವತ್ ಕೋಳಿ ಸಾರು, ಜೊತೆಗೊಂದು ಬೇಯಿಸಿದ ಮೊಟ್ಟೆ. ಇದರ ಗುಟ್ಟು ಈರುಳ್ಳಿಯಲ್ಲಿದೆ. ಎಣ್ಣೆ ಹಾಕದೆ, ಬರೀ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ಅದು ಕರಗಿ ಗೊಜ್ಜಾಗೋವರೆಗೂ ಬಾಡಿಸ್ತಾರೆ. ಆಮೇಲೆ ಮಸಾಲೆ ಹಾಕಿ ಕಾಯಿಸಿದ ತುಪ್ಪ, ಬೆರ್ಬೆರೆ ಅನ್ನೋ ಕೆಂಪು ಪುಡಿ. ಒಣಮೆಣಸಿನಕಾಯಿ, ಮೆಂತ್ಯ, ಕೊತ್ತಂಬರಿ ಬೀಜ, ಶುಂಠಿ ಎಲ್ಲ ಅದರಲ್ಲಿವೆ. ಇಲ್ಲಿ ಆ ಈರುಳ್ಳಿಗೆ ಅವಸರ ಮಾಡಿದ್ದಾರೆ ಅನ್ನಿಸ್ತು. ಖಾರ ಮುಂದೆ ಬಂತು, ಸಿಹಿ ಹಿಂದೆ ಉಳೀತು. ಇಂಜೆರಾ ಕೂಡ ಪೂರ್ತಿ ತೆಫ್ ಅಲ್ಲ. ಕೇಳಿದ್ದಕ್ಕೆ ಆಕೆಯೇ ಒಪ್ಪಿಕೊಂಡ್ರು: ಇಲ್ಲಿ ತೆಫ್ ಸುಲಭಕ್ಕೆ ಸಿಗಲ್ಲ, ಬೇರೆ ಹಿಟ್ಟು ಬೆರೆಸ್ತೀವಿ ಅಂತ.

"ಯಾವ ಹಿಟ್ಟು?" ಅಂದ ಗೆಳೆಯ. ಆಕೆ ಒಳಗೆ ಹೋಗಿ ಅಂಗೈಯಲ್ಲಿ ಒಂದಿಷ್ಟು ಹಿಡ್ಕೊಂಡು ಬಂದ್ರು. ರಾಗಿ ಹಿಟ್ಟು! "ನಮ್ಮಲ್ಲೂ ಇದೆ ಇದು, ಡಗುಸ್ಸ ಅಂತೀವಿ," ಅಂದ್ರು. ಅವರ ಕಡೆ ಇಂಜೆರಾಗೂ ಬೆರೆಸ್ತಾರಂತೆ, ಮನೇಲಿ ಕಾಯಿಸೋ ಬಿಯರಿಗೂ ಬಳಸ್ತಾರಂತೆ.

ಇಲ್ಲಿ ನನ್ನ ಜಂಭ ಸ್ವಲ್ಪ ಇಳೀತು. ರಾಗಿ ಅಂದ್ರೆ ನಾವೇ, ನಾವಂದ್ರೆ ರಾಗಿ ಅಂದ್ಕೊಂಡಿದ್ದೋರು ನಾವು. ಆದರೆ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ, ಇಥಿಯೋಪಿಯಾ ಉಗಾಂಡಾ ಕಡೆ. ಸಾವಿರಾರು ವರ್ಷ ಹಿಂದೆ ಅಲ್ಲಿಂದ ಇಲ್ಲಿಗೆ ಬಂದ ಬೆಳೆ ಅದು. ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. ನಮ್ಮ ಅಪ್ಪಂದಿರು ಬಿತ್ತಿದ ಇಂಡಾಫ್ ರಾಗಿ ನೆನಪಿದೆಯಾ? 1960-70ರ ದಶಕಗಳಲ್ಲಿ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿನ ತಳಿಗೂ ಆಫ್ರಿಕಾದ ತಳಿಗೂ ಕೂಡಿಕೆ ಮಾಡಿ ತೆಗೆದ ರಾಗಿ ಅದು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಇಳುವರಿ ಜಾಸ್ತಿ ಬಂತು, ಎಷ್ಟೋ ಮನೆಗಳ ಹೊಟ್ಟೆ ತುಂಬ್ತು. ಹೊಲದಲ್ಲಿ ಆ ಕೂಡಿಕೆ ಯಾರಿಗೂ ಮೈಲಿಗೆ ಅನ್ನಿಸಲಿಲ್ಲ.

ಈಗ ಆ ಎರಡು ಪ್ಲೇಟಿನ ವಿಷಯ.

ಇಥಿಯೋಪಿಯಾದಲ್ಲಿ ಗುರ್ಶ ಅನ್ನೋ ಪದ್ಧತಿ ಇದೆ. ಇಂಜೆರಾದಲ್ಲಿ ಪಲ್ಯ ಸುತ್ತಿ, ತುತ್ತು ಮಾಡಿ, ಎದುರಿನವರ ಬಾಯಿಗೆ ನಿಮ್ಮ ಕೈಯಾರೆ ಇಡೋದು. ಪ್ರೀತಿಗೆ, ಗೌರವಕ್ಕೆ. ಆಕೆ ಅದನ್ನ ನಮಗೆ ಹೇಳಿಕೊಟ್ಟು "ಮಾಡಿ, ಮಾಡಿ" ಅಂತ ಹುರಿದುಂಬಿಸಿದ್ರು. ನಾವಿಬ್ಬರೂ ಮದುವೆ ಮನೇಲಿ ಫೋಟೋಗ್ರಾಫರ್ ಕೈಗೆ ಸಿಕ್ಕ ಹೊಸ ಜೋಡಿ ಹಾಗೆ ನಾಚಿಕೊಂಡ್ವಿ. "ಬ್ಯಾಡ ಬುಡ್ಲಾ, ಅಷ್ಟೆಲ್ಲ ಬ್ಯಾಡ," ಅಂತ ನಕ್ಕ ಗೆಳೆಯ. ನಗ್ತಾ ನಗ್ತಾನೇ ಅಂದ: "ನಿಮ್ಮನೇಲಿ ನಮ್ಮಪ್ಪಂಗೂ ಬೇರೆ ಪ್ಲೇಟೇ ಇತ್ತು ಕಣ್ಲಾ."

ಇತ್ತು. ಅವರಪ್ಪ ನಮ್ಮ ಗದ್ದೆಗೆ ಕೆಲಸಕ್ಕೆ ಬರ್ತಿದ್ರು. ಮಧ್ಯಾಹ್ನ ಕೊಟ್ಟಿಗೆ ಹತ್ರ ಕೂತು ಉಣ್ತಿದ್ರು. ಅವರ ಅಲ್ಯೂಮಿನಿಯಂ ತಟ್ಟೆ, ಲೋಟ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿರ್ತಿತ್ತು. ಉಂಡಾದ ಮೇಲೆ ಅವರೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಅಜ್ಜಿ ಮುದ್ದೆಯನ್ನ ಮೇಲಿಂದ ಬಿಡ್ತಿದ್ರು, ಸಾರನ್ನ ಎತ್ತರದಿಂದ ಹುಯ್ತಿದ್ರು, ತಟ್ಟೆಗೆ ಸೌಟು ತಾಗದ ಹಾಗೆ. ಆ ಮನುಷ್ಯ ಆರು ವರ್ಷದ ನನ್ನನ್ನೂ "ಬುದ್ಧಿ" ಅಂತಿದ್ರು. 2003ರ ಸುಮಾರಿಗೆ ಸ್ಕೂಲಿಗೆ ಅಕ್ಷರ ದಾಸೋಹದ ಬಿಸಿಯೂಟ ಬಂದಾಗ ಮನೇಲಿ ನನಗೆ ಬೇರೆ ಡಬ್ಬಿ ಕಟ್ಟಿಕೊಟ್ರು. "ಅಲ್ಲಿ ಕ್ಲೀನ್ ಇರಲ್ಲ" ಅಂದ್ರು. ಅಡುಗೆ ಮಾಡೋರು ಯಾರು, ಪಕ್ಕದಲ್ಲಿ ಕೂರೋರು ಯಾರು ಅನ್ನೋದು ಯಾರ ಬಾಯಲ್ಲೂ ಬರಲಿಲ್ಲ. ಕ್ಲೀನ್ ಅನ್ನೋ ಪದ ಅಷ್ಟನ್ನೂ ಮುಚ್ಚಿಕೊಳ್ತಿತ್ತು. ಇಪ್ಪತ್ತು ವರ್ಷ ಆದ ಮೇಲೆ ಕಮ್ಮನಹಳ್ಳಿಯಲ್ಲಿ ನನ್ನ ಬಾಯಿಗೆ ಬಂದ ಹೈಜೀನ್ ಅನ್ನೋ ಪದ ಅದರ ಇಂಗ್ಲಿಷ್ ಅವತಾರ ಅಷ್ಟೆ.

ನೀವು ಹೇಳಬಹುದು, ಎಂಜಲು ಅನ್ನೋದು ನಮ್ಮಲ್ಲಿ ಎಲ್ಲರಿಗೂ ಇದೆ, ಅಣ್ಣತಮ್ಮಂದಿರೂ ಒಂದು ತಟ್ಟೇಲಿ ಉಣ್ಣಲ್ಲ ಅಂತ. ನಾನೂ ನನಗೆ ಅದನ್ನೇ ಹೇಳಿಕೊಂಡೆ. ಆದ್ರೆ ಇದೇ ನಾನು ಆಫೀಸಿನ ಬೇರೆ ಫ್ರೆಂಡ್ಸ್ ಜೊತೆ ಒಂದೇ ನಾಚೋಸ್ ತಟ್ಟೆಗೆ ಕೈ ಹಾಕಿದ್ದೀನಿ, ಒಂದೇ ಬಾಟ್ಲಿಗೆ ಬಾಯಿ ಹಚ್ಚಿ ನೀರು ಕುಡಿದಿದ್ದೀನಿ. ಆಗೆಲ್ಲ ಯಾವತ್ತೂ ಎರಡು ಪ್ಲೇಟ್ ಕೇಳಿಲ್ಲ.

ಇಥಿಯೋಪಿಯಾವನ್ನ ಅಟ್ಟಕ್ಕೇರಿಸೋ ಉದ್ದೇಶಾನೂ ನನಗಿಲ್ಲ. ಒಂದೇ ತಟ್ಟೆ ಅಂದ ಮಾತ್ರಕ್ಕೆ ಎಲ್ಲರೂ ಅದರ ಸುತ್ತ ಕೂತಿರ್ತಾರೆ ಅಂತೇನಿಲ್ಲ. ಕಾಫಿ ಹುಟ್ಟಿದ ಸೀಮೆ ಅನ್ನೋ ಕಾಫಾ ಪ್ರದೇಶದಲ್ಲಿ ಮಾಂಜೊ ಅನ್ನೋ ಸಮುದಾಯ ಇದೆ. ಅವರ ಜೊತೆ ಕೂತು ಉಣ್ಣೋಕೆ, ಅವರು ಮುಟ್ಟಿದ ಪಾತ್ರೆ ಬಳಸೋಕೆ ಬೇರೆಯವರು ಹಿಂಜರಿಯೋ ಪದ್ಧತಿ ಬೆಳೆದು ಬಂದಿದೆ. ಮಡಕೆ ಮಾಡೋರು, ಚರ್ಮ ಹದ ಮಾಡೋರು, ಕಬ್ಬಿಣ ಬಡಿಯೋರನ್ನ ಅಲ್ಲೂ ಎಷ್ಟೋ ಕಡೆ ದೂರ ಇಟ್ಟಿದ್ದಾರೆ. ತಟ್ಟೆ ಎಷ್ಟು ಅಗಲ ಇದ್ರೂ ಯಾರನ್ನ ಕರೀಬೇಕು ಅಂತ ತೀರ್ಮಾನ ಮಾಡೋರು ಮನುಷ್ಯರೇ.

ಹೀಗಾಗಿ "ಇದು ಅವರ ದೋಸೆ" ಅಂತ ಬರೆಯೋ ವಿಮರ್ಶೆಗಳ ಬಗ್ಗೆ ನನಗೆ ತಕರಾರು. ರುಚಿಗೆ ಹೋಲಿಕೆ ಹುಡುಕೋದು ಸುಲಭ. ಶಿರೊ ನಮ್ಮ ಜುಣಕದ ಹಾಗೆ, ಬೆರ್ಬೆರೆ ನಮ್ಮ ಸಾರಿನಪುಡಿ ಹಾಗೆ ಅಂತ ಬರೆದು ನಾನೂ ಹತ್ತು ಸಾಲು ತುಂಬಿಸಬಹುದಿತ್ತು. ನಾಲಿಗೆಗೆ ಹೊಸ ಹುಳಿ ಒಗ್ಗೋಕೆ ಅರ್ಧ ಗಂಟೆ ಸಾಕು. ಆ ಊಟದಲ್ಲಿ ನಮಗೆ ನಿಜವಾಗ್ಲೂ ಹೊಸದು ಯಾವುದೋ ಅದನ್ನ ಮಾತ್ರ ನಾವು ಬರೆಯೋದೇ ಇಲ್ಲ. ಹೆಚ್ಚಂದ್ರೆ "ಶೇರಿಂಗ್ ಪ್ಲ್ಯಾಟರ್" ಅಂತ ಒಂದು ಮಾತು ಹಾಕಿ ಮುಂದೆ ಹೋಗ್ತೀವಿ.

ಆ ಮಾತು ಆದ ಮೇಲೆ ನಾನು ನನ್ನ ಪ್ಲೇಟನ್ನ ಪಕ್ಕಕ್ಕಿಟ್ಟು ದೊಡ್ಡ ತಟ್ಟೆಗೆ ಕೈ ಹಾಕಿದೆ. ಗುರ್ಶ ಮಾಡಲಿಲ್ಲ. ತಳದ ಇಂಜೆರಾವನ್ನ ಆ ಕಡೆಯಿಂದ ಅವನು, ಈ ಕಡೆಯಿಂದ ನಾನು ಹರಿದು ಮುಗಿಸಿದ್ವಿ. ಕೊನೇ ಚೂರನ್ನ ಅವನೇ ನನ್ನ ಕಡೆ ತಳ್ಳಿದ. ಅದರ ರುಚಿ ಬಗ್ಗೆ ಮೇಲೆ ಬರೆದಿದ್ದೀನಲ್ಲ, ಅದು ಅವನು ಬಿಟ್ಟುಕೊಟ್ಟ ಪಾಲು.

ಕಾಫಿ ಬಂತು. ಇಥಿಯೋಪಿಯಾದಲ್ಲಿ ಬೀಜವನ್ನ ನೆಂಟರ ಎದುರೇ ಹುರಿದು, ಪುಡಿ ಮಾಡಿ, ಜೆಬೆನಾ ಅನ್ನೋ ಮಣ್ಣಿನ ಕೂಜದಲ್ಲಿ ಕುದಿಸಿ, ಮೂರು ಸುತ್ತು ಕೊಡ್ತಾರೆ. ಮೂರನೇ ಸುತ್ತಿನ ಹೆಸರು ಬರಕ, ಅಂದ್ರೆ ಆಶೀರ್ವಾದ. ಇಲ್ಲಿ ಒಳಗಿಂದ ಕೂಜ ತಂದು ಒಂದೇ ಸುತ್ತು ಕೊಟ್ಟು ಮುಗಿಸಿದ್ರು. ಹೋಟೆಲಿನವರ ಮೇಲೆ ನನ್ನ ದೂರು ಇದೊಂದು, ಆ ಅವಸರದ ಈರುಳ್ಳಿ ಇನ್ನೊಂದು. ಉಳಿದಂತೆ ಧಾರಾಳವಾಗಿ ಹೋಗಿ ಬನ್ನಿ. ಇಬ್ಬರಿಗೆ ಒಂದು ಬೆಯಾಯ್ನೆಟು ಸಾಕು, ಶಿರೊ ಇನ್ನೊಂದು ಸಲ ಹಾಕಿಸಿಕೊಳ್ಳಿ.

ರಾತ್ರಿ ಅಮ್ಮ ಫೋನ್ ಮಾಡಿದ್ರು. "ಊಟಕ್ಕೆ ಯಾರ್ ಜೊತೆ ಹೋಗಿದ್ಯೋ?" ಅಂದ್ರು. "ಆಫೀಸಿನವರ ಜೊತೆ," ಅಂದೆ. ಸುಳ್ಳು. ಯಾಕೆ ಹೇಳಿದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಹೋಟೆಲಿಂದ ಹೊರಗೆ ಬಂದು ಆಟೋಗೆ ಕಾಯ್ತಾ ನಿಂತಿದ್ದಾಗ ಅವನನ್ನ ಕರೆದಿದ್ದೆ. "ಈ ಸಲ ನಂಜನಗೂಡು ದೊಡ್ಡ ಜಾತ್ರೆಗೆ ಊರಿಗೆ ಹೋದಾಗ ನಮ್ಮನೆಗೆ ಊಟಕ್ಕೆ ಬಾರೋ," ಅಂತ. ಖುಷಿಯಲ್ಲಿ ಬಾಯಿಗೆ ಬಂದಿತ್ತು. ಅವನು ಮೊಬೈಲಿಂದ ತಲೆ ಎತ್ತದೇ ಕೇಳಿದ:

"ಬತ್ತೀನಿ. ಎಲ್ಲಿ ಕೂರುಸ್ತೀಯ?"

ಆಟೋ ಬಂತು. ಜಾತ್ರೆಗೆ ಇನ್ನೂ ಸಮಯ ಇದೆ. ಅಮ್ಮನ ಹತ್ರ ಮಾತಾಡದೆ ಅವನಿಗೆ ಉತ್ತರ ಹೇಳೋ ಹಾಗಿಲ್ಲ.