ಐಪಿವಿ6: ರೌಟರಿನಲ್ಲಿ ಕೇಳಬೇಕಾದದ್ದು ಪ್ರಿಫಿಕ್ಸ್

ಮನೆಯ ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಐಪಿವಿ6 ಆನ್ ಮಾಡಿ ಸುಮ್ಮನಾಗುವವರೇ ಹೆಚ್ಚು. ಅಷ್ಟರಿಂದ ರೌಟರಿಗೆ ಹೊಸ ವಿಳಾಸ ಸಿಗಬಹುದು. ಮನೆಯೊಳಗಿನ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಸಿಗದೇ ಹೋಗಬಹುದು. ಅವಕ್ಕೂ ಬೇಕೆಂದರೆ ವ್ಯಾನ್ ವಿಭಾಗದಲ್ಲಿ ಡಿಎಚ್‌ಸಿಪಿವಿ6 ಆರಿಸಿ, ಪ್ರಿಫಿಕ್ಸ್ ಡೆಲಿಗೇಶನ್‌ಗೂ ಟಿಕ್ ಹಾಕಬೇಕು. ಪಿಪಿಪಿಒಇ ಸಂಪರ್ಕವಾದರೆ, ಐಪಿವಿ4ರ ಸೆಷನ್ನನ್ನೇ ಬಳಸುವ ಆಯ್ಕೆ ಹಲವು ರೌಟರುಗಳಲ್ಲಿ ಇರುತ್ತದೆ, ಅದನ್ನೂ ಆರಿಸಿ.

ಈ ಪ್ರಿಫಿಕ್ಸ್, ಅಂದರೆ ಮನೆಯ ವಿಳಾಸಗಳೆಲ್ಲ ಹಂಚಿಕೊಳ್ಳುವ ಮೊದಲ ಭಾಗ, ನನಗೆ ಅಚ್ಚುಮೆಚ್ಚು. ಹಳೆಯ ಐಪಿವಿ4ರಲ್ಲಿ ಇದ್ದದ್ದೇ ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಆಮೇಲೆ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹತ್ತಾರು ಮನೆಗೆ ಹಂಚಿ ದಿನ ದೂಡುತ್ತಿವೆ. ರೌಟರಿನ ವ್ಯಾನ್ ವಿಳಾಸ 100.64ರಿಂದ 100.127ರ ಒಳಗಿದ್ದರೆ ನಿಮ್ಮದೂ ಅಂಥ ಮನೆಯೇ. ಐಪಿವಿ6 ಕೊಡುವುದು ಒಂದು ಸೈಟನ್ನಲ್ಲ, ಇಡೀ ಬಡಾವಣೆಯನ್ನು. /64 ಅಳತೆಯ ಪ್ರಿಫಿಕ್ಸ್ ಒಂದು ವೈಫೈ ಜಾಲಕ್ಕೆ. /56 ಸಿಕ್ಕಿದರೆ ಅಂಥ 256 ಜಾಲ: ಮನೆಯವರಿಗೊಂದು, ಬಂದ ನೆಂಟರಿಗೊಂದು, ಕ್ಯಾಮೆರಾ, ಬಲ್ಬುಗಳಿಗೊಂದು. ಇಷ್ಟು ಧಾರಾಳವಿರುವಾಗ ಒಂದೇ ಒಂದು /64 ಕೊಟ್ಟು ಕೈತೊಳೆದುಕೊಳ್ಳುವುದು ಶುದ್ಧ ಜಿಪುಣತನ.

ಲ್ಯಾನ್ ವಿಭಾಗದಲ್ಲಿ ಸ್ಲ್ಯಾಕ್ ಆರಿಸಿ. ಆಂಡ್ರಾಯ್ಡ್ ಫೋನುಗಳು ಡಿಎಚ್‌ಸಿಪಿವಿ6 ಮೂಲಕ ಬಿಡಿ ವಿಳಾಸ ಪಡೆಯುವುದಿಲ್ಲ. ಪ್ರಿಫಿಕ್ಸ್ ಗೊತ್ತಾದರೆ ತಮ್ಮ ವಿಳಾಸವನ್ನು ತಾವೇ ಕಟ್ಟಿಕೊಳ್ಳುತ್ತವೆ.

ಒಂದೇ ವಿಳಾಸವನ್ನು ಹಂಚುವ ನ್ಯಾಟ್ ಇಲ್ಲದಿದ್ದರೆ ಮನೆಯ ಸಾಧನಗಳೆಲ್ಲ ಬಯಲಿಗೆ ಬೀಳುತ್ತವೆಂಬ ಅಂಜಿಕೆ ಅನೇಕರಿಗಿದೆ. ನಿಜಕ್ಕೆ ಕಾಯುವ ಕೆಲಸ ನ್ಯಾಟ್‌ನದಲ್ಲ, ಫೈರ್‌ವಾಲ್‌ನದು. ಐಪಿವಿ6ರ ಫೈರ್‌ವಾಲ್ ಆನ್ ಇದೆಯೇ ನೋಡಿ, ಹೊರಗಿನಿಂದ ತಾನಾಗಿ ಬರುವ ಸಂಪರ್ಕಗಳನ್ನು ತಡೆಯಿರಿ. ಆದರೆ ಐಸಿಎಂಪಿವಿ6 ಅನ್ನು ಪೂರ್ತಿ ಮುಚ್ಚಬೇಡಿ, ದಯವಿಟ್ಟು. ಪ್ಯಾಕೆಟ್ ದೊಡ್ಡದಾದರೆ ದಾರಿಯ ರೌಟರುಗಳು ಐಪಿವಿ6ರಲ್ಲಿ ಅದನ್ನು ತುಂಡರಿಸುವುದಿಲ್ಲ. ದೊಡ್ಡದಾಯಿತೆಂದು ಕಳಿಸಿದವರಿಗೆ ತಿಳಿಸುತ್ತವೆ. ಆ ಸುದ್ದಿ ಬರುವುದು ಐಸಿಎಂಪಿವಿ6ನಲ್ಲೇ. ತಡೆದಿರೋ, ಕೆಲವು ತಾಣಗಳು ಅರ್ಧ ತೆರೆದು ನಿಂತುಬಿಡುತ್ತವೆ. ಬೈಗುಳ ಮಾತ್ರ ವೈಫೈಗೆ.

ರೌಟರನ್ನು ರೀಸ್ಟಾರ್ಟ್ ಮಾಡಿ, ಫೋನಿನ ವೈಫೈ ವಿವರ ತೆರೆಯಿರಿ. 2ರಿಂದ ಶುರುವಾಗುವ ಉದ್ದನೆಯ ವಿಳಾಸ ಕಂಡರೆ ಕೆಲಸ ಆಯಿತು. ಎಫ್ಇ80ರದ್ದು ಮಾತ್ರ ಇದ್ದರೆ ಪ್ರಿಫಿಕ್ಸ್ ಫೋನಿನವರೆಗೆ ತಲುಪಿಲ್ಲ. ರೌಟರಿನ ಸ್ಟೇಟಸ್ ಪುಟದಲ್ಲೂ ಅದು ಕಾಣದಿದ್ದರೆ ಕಂಪನಿಗೆ ಫೋನ್ ಮಾಡಿ, ಐಪಿವಿ6 ಬೇಕು ಎನ್ನುವ ಬದಲು /56 ಪ್ರಿಫಿಕ್ಸ್ ಬೇಕು ಎಂದೇ ಕೇಳಿ.