ಸೆಲ್‌ಬರ್ನಿನ ಇಗರ್ಜಿಯೂ ಕೊಳವೂ

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯ ಸೆಲ್‌ಬರ್ನ್ ಗ್ರಾಮವನ್ನು ಕುರಿತು ಆ ಊರಿನವನೇ ಆದ ಗಿಲ್ಬರ್ಟ್ ವೈಟನು ಬರೆದ ಗ್ರಂಥವು 1789ರಲ್ಲಿ ಪ್ರಕಟವಾಯಿತು. ಅದರ ಮೊದಲ ಭಾಗ ಪ್ರಕೃತಿವೃತ್ತಾಂತ. ಎರಡನೆಯದು ಗ್ರಾಮದ ಪ್ರಾಚೀನ ಚರಿತ್ರೆ. ಮೊದಲನೆಯದು ಲೋಕಪ್ರಿಯವಾಯಿತು, ಎರಡನೆಯದನ್ನು ಅನೇಕ ಮುದ್ರಣಗಳಲ್ಲಿ ಕೈಬಿಟ್ಟರು. ಇದು ಉಚಿತವೆಂದು ನಮಗೆ ತೋರುವುದಿಲ್ಲ.

ಮೊದಲ ಭಾಗದಲ್ಲಿ ಗುಡ್ಡದ ಮೇಲಣ ಕೊಳವೊಂದರ ವರ್ಣನೆಯನ್ನು ನೋಡಿರಿ. ಅದರ ಆಳ 3 ಅಡಿಯನ್ನು ಮೀರದು. ಅಗಲ 30 ಅಡಿ. ಮುನ್ನೂರು ನಾನೂರು ಕುರಿಗಳಿಗೆ ನೀರುಣಿಸಿಯೂ ಅದು ಬತ್ತದು. 1775ರಲ್ಲಿ ತಗ್ಗಿನ ಕೊಳಗಳು ಒಣಗಿದಾಗಲೂ ಗುಡ್ಡದ ತುದಿಯ ಕೊಳಗಳಲ್ಲಿ ನೀರಿದ್ದುದನ್ನು ಕಂಡು, ಮಂಜೂ ಇಬ್ಬನಿಯೂ ಕಾರಣವಿರಬಹುದೆಂದು ಆತನು ಊಹಿಸುತ್ತಾನೆ.

ಎರಡನೆಯ ಭಾಗದಲ್ಲಿ ಇಗರ್ಜಿಯ ದಪ್ಪ ಕಂಬಗಳನ್ನು ನೋಡಿ ಕಟ್ಟಡದ ಕಾಲವನ್ನು ತರ್ಕಿಸುವವನೂ, ಅಂಗಳದ ಯೂ ವೃಕ್ಷದ ಸುತ್ತಳತೆ 23 ಅಡಿಯೆಂದು ಬರೆದಿಡುವವನೂ ಇದೇ ವೈಟನು. ಮಠದ ಹಳೆಯ ಲ್ಯಾಟಿನ್ ಪತ್ರಗಳ ಭಾರದಿಂದ ಈ ಭಾಗವು ಶುಷ್ಕವಾಗಿದೆಯೆಂಬ ಆಕ್ಷೇಪವನ್ನು ಒಪ್ಪೋಣ. ಆದರೆ ನೋಡುವ ಕಣ್ಣು ಎರಡರಲ್ಲಿಯೂ ಒಂದೇ. ನೀರನ್ನು ಉಳಿಸಿಕೊಂಡು ಕಲ್ಲನ್ನು ಬಿಟ್ಟರೆ ಗ್ರಾಮವು ಅರೆಯಾಗುತ್ತದೆ.

1990ರ ಬಿರುಗಾಳಿಗೆ ಆ ವೃಕ್ಷವು ಉರುಳಿತು. ವೈಟನ ಅಳತೆಯು ಉಳಿದಿದೆ. ಅದು ಉಳಿದಿರುವುದು ಕೈಬಿಟ್ಟ ಆ ಭಾಗದಲ್ಲಿಯೇ.