ಖಗೇಂದ್ರಮಣಿದರ್ಪಣದ ಅಧಿಕಾರಿವಿಚಾರ

ಶಾಸ್ತ್ರಗ್ರಂಥವನ್ನು ಪರೀಕ್ಷಿಸುವಾಗ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ವಿಚಾರಿಸುವುದು ಪ್ರಾಚೀನರ ಪದ್ಧತಿ. ಸುಮಾರು 1360ರ ಒಂದನೆಯ ಮಂಗರಾಜನು ರಚಿಸಿದ ‘ಖಗೇಂದ್ರಮಣಿದರ್ಪಣ’ದಲ್ಲಿ ಕಾವ್ಯತ್ವವುಂಟೆ ಇಲ್ಲವೆ ಎಂದು ಚರ್ಚಿಸಿದಷ್ಟರಿಂದಲೇ ಅದರ ವಿಮರ್ಶೆ ಪೂರ್ಣವಾಗದು. ವಿಷಚಿಕಿತ್ಸೆಯನ್ನು ಹೇಳುವ ಈ ಗ್ರಂಥಕ್ಕೆ ಅಧಿಕಾರಿ ಯಾರು? ಇದೇ ಮುಖ್ಯವಾದ ಪ್ರಶ್ನೆ.

ಗ್ರಂಥದ ಹೆಸರೇ ಒಂದು ಉತ್ತರವನ್ನು ಸೂಚಿಸುತ್ತದೆ. ಖಗೇಂದ್ರನೆಂದರೆ ಗರುಡ; ಖಗೇಂದ್ರಮಣಿಯೆಂದರೆ ವಿಷಹರವೆಂದು ಪ್ರಸಿದ್ಧವಾದ ಗಾರುತ್ಮತ, ಅಂದರೆ ಪಚ್ಚೆ. ಪಚ್ಚೆಯಿರುವುದು ಅರಸರ ಭಂಡಾರದಲ್ಲಿ. ಕನ್ನಡಿಯಾದರೋ ನೋಡಬಂದವರಿಗೆಲ್ಲ ಮುಖ ತೋರುವ ವಸ್ತು. ದುರ್ಲಭವಾದ ಮಣಿಯನ್ನು ಸರ್ವಸುಲಭವಾದ ದರ್ಪಣವನ್ನಾಗಿ ಮಾಡುವುದೇ ಕವಿಯ ಸಂಕಲ್ಪವೆಂದು ಈ ಸಮಾಸವನ್ನು ಬಿಡಿಸಬಹುದು. ಸ್ಥಾವರ ಜಂಗಮವಿಷಗಳೆರಡನ್ನೂ ವಿವರಿಸುವ ಕವಿಯು ಪೂಜ್ಯಪಾದರ ವೈದ್ಯಗ್ರಂಥದ ಋಣವನ್ನು ಮರೆಮಾಚಿಲ್ಲ. ಸಂಸ್ಕೃತದಲ್ಲಿದ್ದ ವಿದ್ಯೆಯನ್ನು ದೇಶಭಾಷೆಗೆ ಇಳಿಸಿದ್ದೇ ಅವನ ಸಾಧನೆ.

ಈ ಸಾಧನೆಗೆ ಕನ್ನಡದಲ್ಲಿ ಪರಂಪರೆಯುಂಟು. ಸುಮಾರು 1025ರ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ ಇವೆಲ್ಲ ಮದ್ದಿನ ಅರಿವನ್ನು ನಾಡನುಡಿಗೆ ತಂದ ಕೃತಿಗಳು. ಮದ್ದಿನ ಗಿಡವನ್ನು ಊರಿನವರು ಕರೆಯುವ ಹೆಸರಿನಿಂದಲೇ ಕರೆದಾಗ ಅದನ್ನು ಹುಡುಕಿ ತರುವವನಿಗೆ ಅರ್ಧ ಶ್ರಮ ತಪ್ಪಿದಂತೆಯೇ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಹಳಗನ್ನಡದ ಕಂದವೃತ್ತಗಳು ಒಕ್ಕಲಿಗನಿಗೆ ತಿಳಿಯುವುವೆ? ತಿಳಿಯಲಾರವು. ಪದ್ಯವು ವೈದ್ಯನ ಧಾರಣೆಗಾಗಿ ಇದ್ದುದು. ವೈದ್ಯನ ಮೂಲಕ ರೋಗಿಗೆ ಅದರ ಫಲ ಮುಟ್ಟಬೇಕಾಗಿತ್ತು. ಆದರೆ ಮನೆತನದ ಗುಟ್ಟೆಂದು ಮದ್ದನ್ನು ಮುಚ್ಚಿಟ್ಟಲ್ಲೆಲ್ಲ ಆ ದಾರಿಯೂ ಕಟ್ಟಿತು. ಮದರಾಸು ವಿಶ್ವವಿದ್ಯಾನಿಲಯವು ಈ ಗ್ರಂಥವನ್ನು 1942ರಲ್ಲಿ ಅಚ್ಚಿಗೆ ತಂದಿತು. ಕನ್ನಡಿಯೆಂದು ಹೆಸರಿಟ್ಟ ಗ್ರಂಥವು ಶತಮಾನಗಳ ಕಾಲ ಓಲೆಗರಿಗಳಲ್ಲೇ ಇದ್ದುದು ಅದರ ದೈವ.

ಅಧಿಕಾರಿವಿಚಾರವು ಗತಕಾಲಕ್ಕೆ ಮಾತ್ರ ಸೇರಿದುದಲ್ಲ. ಹುಳಿಯಾರಿನ ನೆರೆಯ ಕೆಂಕೆರೆಯಂತಹ ತೆಂಗಿನ ಸೀಮೆಯ ಊರನ್ನು ಪರಿಭಾವಿಸಬಹುದು. ಒಣಗಿದ ಗರಿ, ಸಿಪ್ಪೆಯ ರಾಶಿ ಇದ್ದಲ್ಲಿ ಇಲಿ. ಇಲಿಯ ಹಿಂದೆ ಹಾವು. ರಾತ್ರಿ ವಿದ್ಯುತ್ತು ಬಂದಾಗ ತೋಟಕ್ಕೆ ನೀರು ಹಾಯಿಸಲು ಬರಿಗಾಲಿನಲ್ಲಿ ಹೋಗುವವನೇ ಈ ಗ್ರಂಥದ ನಿಜವಾದ ಅಧಿಕಾರಿ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರ ವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ ಮಡಿದರು; ಅವರಲ್ಲಿ ಬಹುಭಾಗದವರು ಗ್ರಾಮಸ್ಥರು.

ಅಂತಹವನಿಗೆ ಇಂದು ಹೇಳಬೇಕಾದ ಮದ್ದು ಯಾವುದು? ಸುಶ್ರುತದ ಕಲ್ಪಸ್ಥಾನದಲ್ಲಿ ಹೇಳಿರುವ ಬಂಧನ, ಛೇದನ, ಚೂಷಣಗಳನ್ನು ಈಗಿನ ವೈದ್ಯವು ನಿಷೇಧಿಸುತ್ತದೆ. ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟು ಅದರ ರಕ್ತದಿಂದ ಸಿದ್ಧಪಡಿಸುವ ಪ್ರತಿವಿಷವೊಂದೇ ವಿಷವನ್ನು ನೇರವಾಗಿ ಅಡಗಿಸುವ ಔಷಧ. ಭಾರತದಲ್ಲಿ ತಯಾರಾಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕಕ್ಕೆ ಉದ್ದಿಷ್ಟವಾದುದು. ಅವಶ್ಯಕ ಔಷಧಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಮೊದಲು 1977ರಲ್ಲಿ ಪ್ರಕಟಿಸಿತು. ಆ ಸಂಸ್ಥೆಯ ಪಟ್ಟಿಯಲ್ಲೂ ಭಾರತದ ಪಟ್ಟಿಯಲ್ಲೂ ಪ್ರತಿವಿಷಕ್ಕೆ ಸ್ಥಾನವುಂಟು. ಅವಶ್ಯಕವೆಂಬುದರ ಲಕ್ಷಣವೂ ಅಲ್ಲಿಯೇ ಇದೆ: ಸದಾ ದೊರೆಯಬೇಕು, ಸಾಕಷ್ಟು ದೊರೆಯಬೇಕು, ಗುಣ ಕೆಡದಿರಬೇಕು, ಜನರಿಗೆ ಎಟಕುವ ಬೆಲೆಯದಾಗಿರಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ವ್ಯಾಧಿಯೆಂದು ಘೋಷಿಸಿದ್ದು ಈ ದಿಕ್ಕಿನ ಒಂದು ಹೆಜ್ಜೆ. ಎಲ್ಲಿ ಎಷ್ಟು ಕಡಿತವೆಂಬ ಲೆಕ್ಕವಿಲ್ಲದೆ ಎಲ್ಲಿಗೆ ಎಷ್ಟು ಮದ್ದೆಂಬುದು ತಿಳಿಯದಷ್ಟೆ.

ಪಟ್ಟಿಯಲ್ಲಿರುವುದು ಬೇರೆ, ಊರ ಬಳಿಯ ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿರುವುದು ಬೇರೆ. ಓಲೆಯಲ್ಲಿದ್ದ ಪದ್ಯಕ್ಕೂ ಪಟ್ಟಿಯಲ್ಲಿರುವ ಹೆಸರಿಗೂ ಈ ಅಂಶದಲ್ಲಿ ಭೇದವಿಲ್ಲ. ಕಡಿತಕ್ಕೊಳಗಾದವನಿಗೆ ಹೊತ್ತುಮೀರುವ ಮುನ್ನ ಮುಟ್ಟದಿದ್ದರೆ ಎರಡೂ ನಿಷ್ಫಲ.

ಆದುದರಿಂದ ಈ ಗ್ರಂಥವನ್ನು ಪಾಠಹೇಳುವ ಅಧ್ಯಾಪಕರಿಗೆ ಎರಡು ಕರ್ತವ್ಯಗಳುಂಟು. ಭಾಷೆ, ಛಂದಸ್ಸು, ವಸ್ತುಕೋಶಗಳ ದೃಷ್ಟಿಯಿಂದ ಇದರ ಹಿರಿಮೆಯನ್ನು ತೋರಿಸಬೇಕು. ಇದರ ಚಿಕಿತ್ಸೆಯನ್ನು ಇಂದಿನ ಕಡಿತಕ್ಕೆ ಪ್ರಯೋಗಿಸಲಾಗದೆಂದು ಸಂಶಯವಿಲ್ಲದೆ ಹೇಳಬೇಕು. ಎರಡನೆಯ ಮಾತಿನಿಂದ ಮಂಗರಾಜನಿಗೆ ನ್ಯೂನತೆ ಬಾರದು. ಮದ್ದು ಕಾಲಕಾಲಕ್ಕೆ ಬದಲಾಗುವುದು ಶಾಸ್ತ್ರದ ಧರ್ಮ. ಅದು ಎಲ್ಲರಿಗೂ ದೊರೆಯಬೇಕೆಂಬುದು ಕವಿಯ ಆಶಯ. ಆಶಯವನ್ನು ಬಿಟ್ಟು ಮದ್ದನ್ನೇ ಹಿಡಿದವರು ಗ್ರಂಥಕ್ಕೆ ಭಕ್ತರಾಗಬಹುದು, ಅಧಿಕಾರಿಗಳಾಗಲಾರರು.